ಗೌರಮ್ಮನವರ ಗಂಟಲು

ಹಗರೆಯಲ್ಲಿದ್ದ ಅಷ್ಟೂ ವರ್ಷ ನಾನು ಅಲಾರಾಂ ಇಟ್ಟುಕೊಂಡು ಮಲಗಿದವಳಲ್ಲ. ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಗೌರಮ್ಮನವರ ಗಂಟಲು ತೆರೆದುಕೊಳ್ಳುತ್ತಿತ್ತು. ಅದು ತೆರೆದುಕೊಂಡ ಮೇಲೆ ಆ ಬೀದಿಯಲ್ಲಿ ಕಿವುಡರು ಮಾತ್ರ ಮಲಗಿರಬಹುದಿತ್ತು. ಅವರು ಹೆಂಗಸರ ಹಾಲಿನ ಸೊಸೈಟಿಯ ಕಾರ್ಯದರ್ಶಿ. ನಾನು ಅಲ್ಲಿನ ಹೈಸ್ಕೂಲಿಗೆ ಕನ್ನಡದ ಟೀಚರಾಗಿ ಬಂದು ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ನಡುವೆ ಒಂದು ಗೋಡೆ ಇತ್ತು, ಆದರೆ ಆ ಗಂಟಲು ಗೋಡೆಯನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಬೇಲೂರಿನ ಬಸ್ಸು ರಸ್ತೆಯಲ್ಲಿ ನಿಂತಿದ್ದರೆ ಅದರೊಳಗೆ ಕೂತ ಪರವೂರಿನವರಿಗೂ ಹಗರೆಯಲ್ಲಿ ಯಾರ ಮನೆಯ ಹಾಲು ಬಂತು, ಯಾರದು ಬರಲಿಲ್ಲ ಎಂದು ತಿಳಿಯುತ್ತಿತ್ತು.

ಹಾಲಿಗೆ ನೀರು ಬೆರೆಸಿ ತಂದವರನ್ನು ಅವರು ಬೈದದ್ದನ್ನು ನಾನು ಕೇಳಿಲ್ಲ. ಮಾಪಕವನ್ನು ಹಾಲಿಗೆ ಇಳಿಬಿಟ್ಟು ಒಮ್ಮೆ ನೋಡಿ, ಸೊಂಟದ ಮೇಲೆ ಕೈಯಿಟ್ಟು, "ರಂಗಮ್ಮಾ, ನಿನ್ನ ಹಸ ಇವತ್ತು ಕೆರೆ ನೀರು ಜಾಸ್ತಿ ಕುಡುದೈತೆ ಕಣೇ, ನೆಗಡಿ ಆದಾತು" ಅನ್ನುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ರಂಗಮ್ಮನೂ ನಗಲೇಬೇಕಾಗುತ್ತಿತ್ತು. ಮಾರನೆಯ ದಿನದಿಂದ ಹಸು ನೀರು ಕುಡಿಯುವುದನ್ನು ಕಡಿಮೆ ಮಾಡಿರುತ್ತಿತ್ತು.

ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ಹಣೆಯ ಮೇಲೆ ಅಗಲವಾದ ಕುಂಕುಮ, ಕೈತುಂಬ ಹಸಿರು ಬಳೆ. ತವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಚಿಕ್ಕಂದಿನಲ್ಲಿ ಅಲ್ಲಿ ದನ ಕಾಯುತ್ತಿದ್ದಾಗ ಬಸದಿಯ ಬಾಗಿಲಲ್ಲಿ ನಿಂತು ಕರೆದರೆ ಕೆರೆಯ ಆಚೆ ದಡದಲ್ಲಿದ್ದ ಎಮ್ಮೆ ತಲೆಯೆತ್ತುತ್ತಿತ್ತಂತೆ. ಇದನ್ನು ಅವರು ಜಂಬದಿಂದಲೇ ಹೇಳುತ್ತಿದ್ದರು. ನನ್ನ ಮೆಲುದನಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಕಿವೀಲಿ ಹೇಳೋ ಮಾತು ನಂಗೆ ಒಗ್ಗಾಕಿಲ್ಲ ಕಣೇ. ಒಳ್ಳೇದಾದ್ರೆ ಎಲ್ರಿಗೂ ಕೇಳ್ಲಿ. ಕೆಟ್ಟುದ್ದಾದ್ರೆ ಅವ್ರ ಮಕದ ಮುಂದೇನೇ ಹೇಳ್ಬೇಕು" ಎಂದು ನನಗೆ ಪಾಠ ಮಾಡುತ್ತಿದ್ದರು. ಮಕ್ಕಳಿಗೆ ಪಾಠ ಹೇಳುವವಳಿಗೆ ಇಷ್ಟು ಸಣ್ಣ ಗಂಟಲಾದರೆ ಹಿಂದಿನ ಬೆಂಚಿನವರ ಗತಿಯೇನು ಎಂಬುದು ಅವರ ನಿಜವಾದ ಚಿಂತೆಯಾಗಿತ್ತು.

ನನ್ನ ಗಂಡನಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಊರಿಗೆ ಹೊರಡುತ್ತಿದ್ದೆ. ಚೀಲ ಹಿಡಿದು ರಸ್ತೆಗೆ ಬರುವಷ್ಟರಲ್ಲಿ ಗೌರಮ್ಮನವರು ಡೈರಿಯ ಜಗಲಿಯಿಂದಲೇ, ಟೀಚರಮ್ಮ ಗಂಡನ ಮನೆಗೆ ಹೊಂಟವ್ರೆ, ಬಸ್ ನಿಲ್ಸ್ರಪ್ಪೋ ಎಂದು ಕೂಗಿಬಿಡುತ್ತಿದ್ದರು. ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರ್ ಹಲ್ಲು ಕಿರಿಯುತ್ತಿದ್ದ. ನಾನು ಕೆಂಪಗಾಗಿ ಹತ್ತಿ ಕೂರುತ್ತಿದ್ದೆ. ಹೀಗೆ ಮಾಡಬೇಡಿ ಎಂದು ಒಂದೆರಡು ಸಲ ಹೇಳಿ ನೋಡಿ ಕೈಬಿಟ್ಟೆ.

ಇಂಥವರ ಗಂಡ ನಿಂಗೇಗೌಡರು ಮಾತೇ ಆಡದ ಮನುಷ್ಯ. ರಾಗಿ ಹೊಲ, ನಾಲ್ಕಾರು ತೆಂಗಿನ ಮರ, ಎರಡು ಹಸು, ಬೀಡಿ, ಇಷ್ಟರಲ್ಲಿ ಅವರ ಲೋಕ ಮುಗಿಯುತ್ತಿತ್ತು. ಏನು ಕೇಳಿದರೂ "ಅವ್ಳುನ್ನೇ ಕೇಳಿ" ಅನ್ನುತ್ತಿದ್ದರು. ಮಗಳನ್ನು ಹಾಸನಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ, ಅದರಲ್ಲೂ ದನಿ ಒಂದೇ. ಊರಿನಲ್ಲಿ ಯಾವ ಸಭೆ ನಡೆದರೂ ವಂದನಾರ್ಪಣೆ ಗೌರಮ್ಮನವರದ್ದು. ಅವರ ಕೈಗೆ ಮೈಕು ಹೋದರೆ ಅದನ್ನು ವಾಪಸು ತೆಗೆದುಕೊಳ್ಳುವುದು ಅಧ್ಯಕ್ಷರಿಗೂ ಆಗುತ್ತಿರಲಿಲ್ಲ. ಮೈಕಿನ ಅಗತ್ಯವೇ ಇಲ್ಲದವರಿಗೆ ಅದರ ಮೇಲೆ ಅಷ್ಟು ಮೋಹ ಯಾಕೋ ನನಗೆ ಕೊನೆಗೂ ಅರ್ಥವಾಗಲಿಲ್ಲ.

ಆ ಕತ್ತಿನಲ್ಲೇ ಒಂದು ಗಂಟು ಕಾಣಿಸಿಕೊಂಡಿತು. ಮೊದಮೊದಲು ಸೆರಗು ಹೊದ್ದು ಮುಚ್ಚಿಕೊಂಡರು. ಆಮೇಲೆ ಅನ್ನ ನುಂಗಲು ಕಷ್ಟವಾಗತೊಡಗಿತು. ಸರ್ಕಾರಿ ಆಸ್ಪತ್ರೆಯಲ್ಲಿ ಥೈರಾಯ್ಡಿನ ಗಂಟು, ತೆಗೆಸಲೇಬೇಕು ಎಂದರು. ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯೇ ಅವರ ಮನೆಯಲ್ಲಿ ಬರಲಿಲ್ಲ. ಹಿಂದೆ ನಿಂಗೇಗೌಡರ ಕರುಳು ಸುತ್ತಿಕೊಂಡು ಜೀವಕ್ಕೇ ಬಂದಿದ್ದಾಗ ಉಳಿಸಿದ್ದ ಡಾಕ್ಟರೊಬ್ಬರಿದ್ದರು. ಅವರ ಹೆಸರು ಇಲ್ಲಿ ಬೇಡ. ಅವರು ಈಗಲೂ ನಮ್ಮ ಸೀಮೆಯಲ್ಲೇ ತಮ್ಮ ನರ್ಸಿಂಗ್ ಹೋಮ್ ನಡೆಸುತ್ತಿದ್ದಾರೆ. ಒಳ್ಳೆಯ ಕೈ, ಒಳ್ಳೆಯ ಮಾತು. ಬಡವರನ್ನು ಗದರುವವರಲ್ಲ. ಗೌರಮ್ಮನವರ ದೇವರ ಗೂಡಿನಲ್ಲಿ ಅವರ ಫೋಟೋ ಒಂದಿರಲಿಲ್ಲ ಅನ್ನುವುದನ್ನು ಬಿಟ್ಟರೆ ಉಳಿದೆಲ್ಲ ಮರ್ಯಾದೆ ಅವರಿಗೆ ಸಲ್ಲುತ್ತಿತ್ತು.

ಆಪರೇಷನ್ ಮುಗಿದು ಎಚ್ಚರವಾದಾಗ ಗೌರಮ್ಮನವರ ದನಿ ಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ. ನಾನು ನೋಡಲು ಹೋದಾಗ ನನ್ನ ಕೈ ಹಿಡಿದು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ನನ್ನ ತಲೆಯನ್ನೇ ಹಿಡಿದೆಳೆದು ಕಿವಿಯಲ್ಲಿ ಹೇಳಿದರು. ಹಾಲಿನ ಕ್ಯಾನುಗಳನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದಾರೋ ಇಲ್ಲವೋ ನೋಡು ಅನ್ನುತ್ತಿದ್ದರು. ದನಿಯ ಬಗ್ಗೆ ಕೇಳಿದ್ದಕ್ಕೆ ಡಾಕ್ಟರು ಗಂಟಲಿನ ಊತ, ಇಳಿಯುತ್ತದೆ ಎಂದರಂತೆ. ಮತ್ತೆ ತೋರಿಸಲು ಹೋದಾಗಲೂ ಅದನ್ನೇ ಹೇಳಿದರು. ಅವರು ಹೇಳಿದ ಮೇಲೆ ಮುಗಿಯಿತು, ನಮಗ್ಯಾರಿಗೂ ಅನುಮಾನ ಬರಲಿಲ್ಲ.

ಈಗ ಆ ಸನ್ಮಾನದ ವಿಷಯ. ಜೀವ ಉಳಿಸಿದವರಿಗೆ ಶಾಲು ಹೊದಿಸದೆ ಬಿಟ್ಟರೆ ನಮ್ಮ ಕಡೆಯವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಸೊಸೈಟಿಯ ವಾರ್ಷಿಕ ಸಭೆ ಬಂತು. ಡಾಕ್ಟರಿಗೆ ಅಲ್ಲೇ ಸನ್ಮಾನ ಮಾಡಬೇಕೆಂದು ಗೌರಮ್ಮನವರು ಹಟ ಹಿಡಿದರು, ಪಿಸುದನಿಯಲ್ಲೇ. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಒಂದು ಗೊನೆ ಎಳನೀರು. ಹಾರ ಹಾಕಿ ಪೇಟ ಇಟ್ಟದ್ದು ಗೌರಮ್ಮನವರೇ. ಆದರೆ ಮಾತು ಆಡಬೇಕಲ್ಲ? ಜೀವನದಲ್ಲಿ ಮೊದಲ ಬಾರಿಗೆ ಅವರು ಮೈಕನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಅವರ ಪರವಾಗಿ ನಾನು ಮಾತಾಡಿದೆ, ಅವರು ನನ್ನ ಪಕ್ಕದಲ್ಲಿ ನಿಂತು ಕೈ ಮುಗಿದಿದ್ದರು. ಆಮೇಲೆ ಡಾಕ್ಟರು ಎದ್ದು, ಗೌರಮ್ಮನ ಧ್ವನಿ ಬಗ್ಗೆ ಯಾರೂ ಯೋಚನೆ ಮಾಡಬೇಡಿ, ಅದು ಊತ, ಮುಂದಿನ ವರ್ಷದ ಸಭೆಯಲ್ಲಿ ಅವರೇ ಮಾತಾಡುತ್ತಾರೆ, ನೀವೇ ಸಾಕಪ್ಪಾ ಅನ್ನಬೇಕು, ಎಂದರು. ಪೆಂಡಾಲು ಪೂರಾ ಚಪ್ಪಾಳೆ ತಟ್ಟಿತು.

ಮುಂದಿನ ವರ್ಷದ ಸಭೆಯೂ ಬಂತು. ಆ ಸಲ ವಂದನಾರ್ಪಣೆ ಯಾರು ಮಾಡಿದರೋ ನನಗೆ ನೆನಪಿಲ್ಲ. ಗೌರಮ್ಮನವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಧ್ಯದಲ್ಲೇ ಎದ್ದು ಹಸು ಕಟ್ಟಬೇಕು ಎಂದು ಸನ್ನೆ ಮಾಡಿ ಹೊರಟುಹೋದರು.

ಆ ಒಂದು ವರ್ಷ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಡೈರಿಯಲ್ಲಿ ಹೆಸರು ಕೂಗುವ ಕೆಲಸ ನಿಂಗೇಗೌಡರ ಪಾಲಿಗೆ ಬಂತು. ಜಗಲಿಯ ಮೇಲೆ ನಿಂತು, ಕಂಬವನ್ನು ನೋಡುತ್ತ, ಯಾರನ್ನೋ ಕ್ಷಮೆ ಕೇಳುವವರ ಹಾಗೆ "ರಂಗಮ್ಮ" ಅನ್ನುತ್ತಿದ್ದರು. ಪಕ್ಕದಿಂದ ಹೆಂಡತಿ ತಿವಿಯುತ್ತಿದ್ದರು, ಇನ್ನೂ ಜೋರು ಎಂದು. ಗೌರಮ್ಮನವರು ಪಿಸುಗುಟ್ಟಿದರೆ ಎದುರಿಗಿದ್ದ ನಾವೂ ನಮಗೇ ತಿಳಿಯದೆ ಪಿಸುಗುಟ್ಟುತ್ತಿದ್ದೆವು. ಅಂಗಡಿಯವನು, ಕಂಡಕ್ಟರು, ನಾನು, ಎಲ್ಲರೂ. ಆಗ ಅವರಿಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. "ರೋಗ ನಂಗೆ ಬಂದಿರೋದು. ನಿಮ್ಗೆಲ್ಲ ಏನಾಗೈತೆ?" ಎಂದು ಗಾಳಿಯಲ್ಲೇ ಬೈಯುತ್ತಿದ್ದರು. ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ಹೊರಗೆ ನಗುತ್ತಿದ್ದವರು ಒಂದು ಸಂಜೆ ಹಟ್ಟಿಯಲ್ಲಿ ಹಸುವಿನ ಕತ್ತಿಗೆ ಕೈಹಾಕಿಕೊಂಡು ಅಳುತ್ತಿದ್ದುದನ್ನು ನಾನು ನೋಡಿದೆ. ಅಳುವುದಕ್ಕೂ ದನಿ ಇರಲಿಲ್ಲ.

ಮಗಳು ಬಲವಂತವಾಗಿ ಗಂಟಲಿನ ತಜ್ಞರೊಬ್ಬರಿಗೆ ತೋರಿಸಿದಳು. ಅವರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯ ಒಂದು ತಂತು ಅಲ್ಲಾಡುತ್ತಲೇ ಇಲ್ಲ, ಆಪರೇಷನ್ನಿನಲ್ಲಿ ಅದರ ನರಕ್ಕೆ ಪೆಟ್ಟಾಗಿದೆ ಎಂದರು. ಒಳ್ಳೆಯ ಸರ್ಜನ್ನರ ಕೈಯಲ್ಲೂ ಒಮ್ಮೊಮ್ಮೆ ಹೀಗಾಗುವುದುಂಟು, ಆದರೆ ಧ್ವನಿ ಹೋದ ತಕ್ಷಣ ಕಳಿಸಿದ್ದರೆ ಬೇಗ ಚಿಕಿತ್ಸೆ ಶುರು ಮಾಡಬಹುದಿತ್ತು, ಇಷ್ಟು ಕಾಲ ನರಳಬೇಕಾಗಿರಲಿಲ್ಲ ಎಂದೂ ಹೇಳಿದರು. ಹೀಗಾಗಬಹುದೆಂದು ಮೊದಲೇ ಹೇಳಿರಲಿಲ್ಲವೇ ಎಂದು ಅವರು ಕೇಳಿದ್ದಕ್ಕೆ ಗೌರಮ್ಮನವರು ಇಲ್ಲ ಎಂದು ತಲೆಯಾಡಿಸಿದರು. ಊರಿಗೆ ಬಂದು ಇಳಿದವರು ನೇರವಾಗಿ ನನ್ನ ಮನೆಯ ಬಾಗಿಲಿಗೆ ಬಂದು, ಕೇಸು ಹಾಕ್ತೀನಿ, ವಕೀಲರನ್ನ ತೋರ್ಸು ಎಂದರು.

ನಾನು ಬೇಡವೆಂದೆ. ಡಾಕ್ಟರ ಎದುರು ಕೇಸು ಅಂದರೆ ಹುಡುಗಾಟವೇ? ನಾಳೆ ಜ್ವರ ಬಂದರೆ ಯಾರ ಹತ್ತಿರ ಹೋಗುತ್ತೀರಿ? ಅವರು ಹತ್ತಿರ ಬಂದು ಹೇಳಿದರು: "ಅವ್ರು ನನ್ನ ಮುಂದೆ ನಿಂತ್ಕಂಡು ನಾನು ನೋಡ್ಬೇಕಿತ್ತು, ನೋಡ್ಲಿಲ್ಲ ಅಂತ ಒಂದು ಮಾತು ಅನ್ಬೇಕು. ಅಷ್ಟೇಯ. ಅವ್ರು ಅಂಗನ್ನದೇ ಇದ್ರೆ ನನ್ನ ಹಿಂದೆ ಬರೋ ಹೆಂಗಸ್ರಿಗೂ ಊತ, ಊತ ಅಂತಾನೇ ಇರ್ತಾರೆ."

ಅರಸೀಕೆರೆಯಲ್ಲಿ ನಮ್ಮವರಿಗೆ ಪರಿಚಯದ ವಕೀಲರು ಮಲ್ಲೇಶಪ್ಪ. ಕೊಬ್ಬರಿ ಮಂಡಿಗಳ ಜಗಳಗಳಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಎಲ್ಲ ಕೇಳಿ, ಇದು ಗ್ರಾಹಕರ ಆಯೋಗಕ್ಕೆ ಹೋಗುವ ಕೇಸು, ಎರಡು ವರ್ಷದೊಳಗೆ ಹಾಕಬೇಕು, ಇನ್ನೂ ಅವಕಾಶವಿದೆ, ತಜ್ಞರ ಅಭಿಪ್ರಾಯವೂ ಇದೆ ಎಂದು ಹುರುಪಾದರು. ಅಷ್ಟರಲ್ಲಿ ನಿಂಗೇಗೌಡರು, ಯಾರೂ ಕೇಳದಿದ್ದರೂ, ಸನ್ಮಾನ ಮಾಡಿದ ವಿಷಯ ಹೇಳಿಬಿಟ್ಟರು. ವರ್ಷಕ್ಕೊಮ್ಮೆ ಬಾಯಿ ತೆರೆಯುವವರು ತೆರೆಯುವುದೇ ಇಂಥ ಹೊತ್ತಿನಲ್ಲಿ. ಮಲ್ಲೇಶಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪೇಟಾನೂ ಇಟ್ರಾ?" ಎಂದು ಕೇಳಿದರು. ಇಟ್ಟೆವು ಎಂದೆವು. ಫೋಟೋ ತೆಗೆದರೇ ಎಂದು ಕೇಳಿದರು. ಅದಕ್ಕೆ ಚೌಕಟ್ಟು ಹಾಕಿಸಿ ನರ್ಸಿಂಗ್ ಹೋಮಿಗೆ ಕೊಟ್ಟು ಬಂದವರೂ ನಾವೇ ಎಂದು ಹೇಳಬೇಕಾಯಿತು. ನಾಳೆ ಆ ಫೋಟೋನೇ ಅವರ ಕಡೆಯ ಸಾಕ್ಷಿ ಆಗುತ್ತೆ, ನೋಡ್ತಿರಿ ಎಂದರು.

ಕೇಸು ದಾಖಲಾಯಿತು. ಊರಿನಲ್ಲಿ ಅರ್ಧ ಜನ ಗೌರಮ್ಮನವರ ಮೇಲೆ ತಿರುಗಿಬಿದ್ದರು. ಗಂಡನ ಜೀವ ಉಳಿಸಿದ ಕೈಯನ್ನೇ ಕೋರ್ಟಿಗೆ ಎಳೆದಳು ಎಂದರು. ಒಂದು ಭಾನುವಾರ ಡಾಕ್ಟರ ಕಡೆಯ ಹಿರಿಯರಿಬ್ಬರು ಊರಿನ ನಾಲ್ಕು ಜನರನ್ನು ಕರೆದುಕೊಂಡು ಮನೆಗೆ ಬಂದರು. ಒಳ್ಳೆಯ ಮಾತಿನಲ್ಲೇ ಒಂದು ದಾರಿ ಹೇಳಿದರು. ಎಲ್ಲರೂ ಮಾಲೇಕಲ್ಲಿನ ಗುಡಿಗೆ ಹೋಗೋಣ. ತಾನು ಬೇಕೆಂದು ಏನೂ ಮಾಡಿಲ್ಲವೆಂದು ಡಾಕ್ಟರು ವೆಂಕಟರಮಣಸ್ವಾಮಿಯ ಮುಂದೆ ಪ್ರಮಾಣ ಮಾಡುತ್ತಾರೆ. ಗೌರಮ್ಮ ತೀರ್ಥ ತಗೊಂಡು ಕೇಸು ವಾಪಸು ತಗೊಳ್ಳಲಿ. ದೇವರ ಮುಂದೆ ತೀರಿದ ಮೇಲೆ ಕೋರ್ಟು ಯಾಕೆ ಬೇಕು?

ಆಣೆಗೆ ನಮ್ಮ ಕಡೆ ಇರುವ ತೂಕ ಹೊರಗಿನವರಿಗೆ ತಿಳಿಯದು. ಬೇಡ ಅಂದರೆ ದೇವರಿಗೇ ಎದುರು ನಿಂತ ಹಾಗೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಿಂಗೇಗೌಡರು ಆಗಲೇ ಒಪ್ಪಿದವರ ಹಾಗೆ ತಲೆ ತಗ್ಗಿಸಿದ್ದರು. ಗೌರಮ್ಮನವರು ಎಲ್ಲರಿಗೂ ಕಾಫಿ ಕೊಟ್ಟು, ಲೋಟಗಳನ್ನು ತೆಗೆದಿಟ್ಟು, ಆಮೇಲೆ ಮಾತಾಡಿದರು. ಕೇಳಿಸಿಕೊಳ್ಳಲು ಹಿರಿಯರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಅವ್ರು ಬೇಕಂತ ಮಾಡ್ಲಿಲ್ಲ ಅನ್ನೋದು ನಂಗೆ ಗೊತ್ತೈತೆ. ಅದುಕ್ಕೆ ಆಣೆ ಯಾಕೆ? ಬೇಕಂತ ಮಾಡುದ್ರು ಅಂತ ನಾನು ಎಲ್ಲೂ ಅಂದಿಲ್ಲ. ನನ್ನ ದನಿ ಹೋಗೈತೆ ಅಂತ ಗೊತ್ತಿದ್ದೂ ಯಾಕೆ ನೋಡ್ಲಿಲ್ಲ, ಅದುನ್ನ ಕೇಳ್ತಾ ಇವ್ನಿ. ಅದುಕ್ಕೆ ಉತ್ರ ಸ್ವಾಮಿ ಹತ್ರ ಇಲ್ಲ, ಡಾಕ್ಟ್ರ ಹತ್ರ ಐತೆ."

ಕಾನೂನು ಓದಿದವರು ನಿರ್ಲಕ್ಷ್ಯದ ಬಗ್ಗೆ ಬರೆದದ್ದನ್ನು ನಾನು ಆಮೇಲೆ ಮಲ್ಲೇಶಪ್ಪನವರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಅಷ್ಟು ಹೊತ್ತೂ ನನಗೆ ನೆನಪಿಗೆ ಬರುತ್ತಿದ್ದುದು ಈ ಮಾತೇ. ಅವತ್ತು ಬಂದವರು ಎದ್ದು ಹೊರಡುವಾಗ ನಿಂಗೇಗೌಡರೂ ಎದ್ದು ನಿಂತು, "ಅವ್ಳು ಯೋಳಿದ್ದೇ ಸರಿ" ಎಂದರು. ಅವರಿಗೆ ಅದು ದೊಡ್ಡ ಭಾಷಣ.

ಕೇಸು ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ಎದುರು ವಕೀಲರು ಬರಲಿಲ್ಲ, ಒಮ್ಮೆ ಆಯೋಗದಲ್ಲಿ ಸದಸ್ಯರಿರಲಿಲ್ಲ, ಒಮ್ಮೆ ನಮ್ಮ ಮಲ್ಲೇಶಪ್ಪನವರಿಗೇ ಸೊಂಟ ಹಿಡಿದಿತ್ತು. ಪ್ರತಿ ಸಲವೂ ಗೌರಮ್ಮನವರು ಬೆಳಗಿನ ಹಾಲು ಮುಗಿಸಿ, ಒಳ್ಳೆಯ ಸೀರೆ ಉಟ್ಟು, ಹಾಸನದ ಬಸ್ಸು ಹತ್ತುತ್ತಿದ್ದರು. ವಾಯಿದೆ ಬಿತ್ತು ಎಂದರೆ, ಸರಿ, ಹಂಗಾದ್ರೆ ಮಗಳ ಮನೇಗಾದ್ರೂ ಹೋಗಿ ಬತ್ತೀನಿ ಎಂದು ನಗುತ್ತಿದ್ದರು. ಬೇಸರ ಪಟ್ಟುಕೊಳ್ಳುವ ಕೆಲಸವನ್ನು ಪೂರ್ತಿಯಾಗಿ ನನಗೆ ಬಿಟ್ಟಿದ್ದರು.

ಡಾಕ್ಟರ ಕಡೆಯ ವಾದ ಇಷ್ಟು: ದನಿಯ ತೊಂದರೆಯೆಂದು ಗೌರಮ್ಮ ಯಾವತ್ತೂ ದೂರಲಿಲ್ಲ, ನೋಟಿಸು ಬಂದ ಮೇಲೆಯೇ ಡಾಕ್ಟರಿಗೆ ತಿಳಿದದ್ದು, ಹೇಳಿದ್ದರೆ ಕೂಡಲೇ ಪರೀಕ್ಷೆಗೆ ಕಳಿಸುತ್ತಿದ್ದರು. ಇದಕ್ಕೆ ಆಧಾರವಾಗಿ ಅವರು ತಂದಿಟ್ಟದ್ದು ಆ ಫೋಟೋ, ನಾವೇ ಚೌಕಟ್ಟು ಹಾಕಿಸಿ ಕೊಟ್ಟದ್ದು. ಡಾಕ್ಟರ ತಲೆಯ ಮೇಲೆ ಪೇಟ, ಪಕ್ಕದಲ್ಲಿ ಕೈ ಮುಗಿದು ನಗುತ್ತಿರುವ ಗೌರಮ್ಮ. ದನಿ ಕಳೆದುಕೊಂಡ ರೋಗಿ ಹೀಗೆ ನಗುತ್ತ ಸನ್ಮಾನ ಮಾಡುತ್ತಾರೆಯೇ ಎಂದು ಎದುರು ವಕೀಲರು ಫೋಟೋವನ್ನು ಎತ್ತಿ ತೋರಿಸಿದರು. ಮಲ್ಲೇಶಪ್ಪನವರು ನನ್ನ ಕಡೆ ತಿರುಗಿ, ನಾನು ಅವತ್ತೇ ಹೇಳಲಿಲ್ಲವೇ ಎಂಬಂತೆ ನೋಡಿದರು.

ಇಂಥ ಕೇಸುಗಳಲ್ಲಿ ಹೆಚ್ಚಿನದೆಲ್ಲ ಕಾಗದದ ಮೇಲೆಯೇ ನಡೆದುಹೋಗುತ್ತದೆ. ಆದರೆ ಅವತ್ತು ಆಯೋಗದ ಅಧ್ಯಕ್ಷರಿಗೆ ಏನನ್ನಿಸಿತೋ, ಆಕೆಯೇ ಹೇಳಲಿ ಎಂದು ಗೌರಮ್ಮನವರನ್ನು ಮುಂದೆ ಕರೆದರು. ಗೌರಮ್ಮನವರು ಬಾಯಿ ತೆರೆದರು. ಏನೂ ಕೇಳಿಸಲಿಲ್ಲ. ಅಧ್ಯಕ್ಷರು ಫ್ಯಾನು ಆರಿಸಲು ಹೇಳಿದರು. ಫ್ಯಾನುಗಳು ಒಂದೊಂದಾಗಿ ನಿಂತವು. ಹಿಂದೆ ಮಾತಾಡಿಕೊಳ್ಳುತ್ತಿದ್ದ ವಕೀಲರು ಸುಮ್ಮನಾದರು. ಹೊರಗೆ ಸ್ಕೂಟರ್ ಒದೆಯುತ್ತಿದ್ದವನನ್ನೂ ಯಾರೋ ಹೋಗಿ ತಡೆದರು.

"ಸ್ವಾಮಿ, ಸನ್ಮಾನ ಮಾಡಿದ್ದು ನಿಜ" ಎಂದರು ಗೌರಮ್ಮನವರು. "ಮನಸಿಂದ್ಲೇ ಮಾಡ್ದೆ. ಇವತ್ತೂ ಅದುಕ್ಕೆ ಬೇಜಾರಿಲ್ಲ. ಆದ್ರೆ ಫೋಟೋದಲ್ಲಿ ಮೈಕ್ ಮುಂದೆ ನಿಂತಿರೋರು ಯಾರು ಅಂತ ನೋಡಿ. ನಾನಲ್ಲ, ನಮ್ಮೂರ ಟೀಚರಮ್ಮ. ಹಗರೇಲಿ ಯಾರ್ನ ಬೇಕಾದ್ರೂ ಕೇಳಿ, ನಾನು ಜೀವ ಇರೋಗಂಟ ಇನ್ನೊಬ್ರಿಗೆ ಮೈಕ್ ಬಿಟ್ಕೊಟ್ಟೋಳಲ್ಲ. ಅವತ್ತು ಕೊಟ್ಟೆ, ದನಿ ಇರ್ಲಿಲ್ಲ. ಅದು ಗೊತ್ತಿದ್ಕೇ ಅಲ್ವಾ ಡಾಕ್ಟ್ರು ಎದ್ದು, ಮುಂದಿನ ವರ್ಷ ಗೌರಮ್ಮನೇ ಮಾತಾಡ್ತಾರೆ ಅಂತ ಎಲ್ರ ಮುಂದೆ ಅಂದಿದ್ದು?"

ಅಧ್ಯಕ್ಷರು ಫೋಟೋವನ್ನು ಕೈಗೆ ತೆಗೆದುಕೊಂಡು ನೋಡಿದರು. ಟೀಚರಮ್ಮ ಯಾರು ಎಂದರು. ನಾನು ಹಿಂದಿನ ಬೆಂಚಿನಲ್ಲಿ ಎದ್ದು ನಿಂತೆ. ಡಾಕ್ಟರು ಹಾಗೆ ಹೇಳಿದ್ದು ನಿಜ ಎಂದೆ; ನನ್ನ ಸಣ್ಣ ಗಂಟಲು ಅವತ್ತು ಹಿಂದಿನ ಬೆಂಚಿನಿಂದ ಮುಂದಿನವರೆಗೂ ಕೇಳಿಸಿತು ಎಂದು ಮಲ್ಲೇಶಪ್ಪನವರು ಆಮೇಲೆ ಹೇಳಿದರು. ಡಾಕ್ಟರೂ ಅವತ್ತು ಬಂದಿದ್ದರು. ನೀವು ಹಾಗೆ ಹೇಳಿದ್ದುಂಟೇ ಎಂದು ಅಧ್ಯಕ್ಷರು ಅವರನ್ನೇ ಕೇಳಿದರು. ಅವರ ವಕೀಲರು ಅಡ್ಡ ಬಂದರು. ಡಾಕ್ಟರು ಫೋಟೋದ ಕಡೆ ನೋಡುತ್ತಲೇ, ಹೇಳಿರಬಹುದು ಎಂದರು.

ಆಮೇಲೆ ನಾವು ಊರೆಲ್ಲ ತಿರುಗಿ ಯಾರ ಫೋನಿನಲ್ಲಾದರೂ ಅವತ್ತಿನ ವಿಡಿಯೋ ಇದೆಯೇ ಎಂದು ಹುಡುಕಿದೆವು. ಎಲ್ಲರೂ ತಮ್ಮ ತಮ್ಮ ಮಕ್ಕಳ ಡ್ಯಾನ್ಸು ಹಿಡಿದಿದ್ದರೇ ಹೊರತು ಭಾಷಣವನ್ನು ಒಬ್ಬರೂ ಹಿಡಿದಿರಲಿಲ್ಲ. ಅದೂ ನ್ಯಾಯವೇ. ಕೊನೆಗೆ ಸೊಸೈಟಿಯ ಹೆಂಗಸರು ತಾವೇ ಸಾಕ್ಷಿ ಹೇಳಿ ಸಹಿ ಹಾಕಿದರು. ಎಲ್ಲರಿಗಿಂತ ಮೊದಲು ಸಹಿ ಹಾಕಿದವಳು ಹಸುವಿಗೆ ಕೆರೆ ನೀರು ಕುಡಿಸುತ್ತಿದ್ದ ರಂಗಮ್ಮ.

ಆದೇಶ ಗೌರಮ್ಮನವರ ಪರವಾಗಿ ಬಂತು. ನರಕ್ಕೆ ಪೆಟ್ಟಾದದ್ದನ್ನೇ ತಪ್ಪೆನ್ನಲಾಗದು, ಆದರೆ ಅಪಾಯವನ್ನು ಮೊದಲೇ ತಿಳಿಸದೆ ಇದ್ದದ್ದೂ, ದನಿ ಹೋಗಿದೆಯೆಂದು ಗೊತ್ತಿದ್ದೂ ಪರೀಕ್ಷೆಗೆ ಕಳಿಸದೆ ಇದ್ದದ್ದೂ ತಪ್ಪು ಎಂದು ಅದರಲ್ಲಿತ್ತು. ಪರಿಹಾರ ಕೊಡಬೇಕೆಂದೂ ಹೇಳಿತ್ತು. ಡಾಕ್ಟರು ಮೇಲಕ್ಕೆ ಹೋಗಲಿಲ್ಲ, ಕೊಟ್ಟುಬಿಟ್ಟರು. ಸಿಹಿ ಹಂಚಬೇಕೆಂದು ನಾನು ಓಡಿದರೆ ಗೌರಮ್ಮನವರು ಹಸುವಿಗೆ ಹುಲ್ಲು ಹಾಕುತ್ತ, "ಡಾಕ್ಟ್ರು ಏನಂದ್ರು?" ಎಂದು ಕೇಳಿದರು. ಏನೂ ಅನ್ನಲಿಲ್ಲ ಎಂದೆ. ಹೂಂ ಎಂದು ಹುಲ್ಲು ಹಾಕುವುದನ್ನು ಮುಂದುವರಿಸಿದರು. ಅವರಿಗೆ ಬೇಕಾಗಿದ್ದ ಒಂದು ಮಾತು ಆದೇಶದಲ್ಲಿ ಇರಲಿಲ್ಲ.

ಆ ಪರಿಹಾರದಲ್ಲಿ ಬೆಂಗಳೂರಿಗೆ ಹೋಗಿ ಗಂಟಲಿಗೆ ಇನ್ನೊಂದು ಸಣ್ಣ ಆಪರೇಷನ್ ಮಾಡಿಸಿಕೊಂಡರು. ಅಲ್ಲಾಡದ ತಂತನ್ನು ಒಂದಿಷ್ಟು ಮಧ್ಯಕ್ಕೆ ತಳ್ಳಿ ಕೂರಿಸುತ್ತಾರಂತೆ. ದನಿ ಬಂತು. ಹಳೆಯ ದನಿಯಲ್ಲ; ಕೊಂಚ ಒಡಕು, ಕೊಂಚ ದಪ್ಪ. ಕೆರೆಯ ಆಚೆಗೆ ಹೋಗದು, ಆದರೆ ಡೈರಿಯ ಸಾಲು ದಾಟುತ್ತದೆ. ನಿಂಗೇಗೌಡರನ್ನು ಆ ದಿನವೇ ಕೆಲಸದಿಂದ ಬಿಡುಗಡೆ ಮಾಡಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ನ‌ನಗೆ ಅರಸೀಕೆರೆಗೆ ವರ್ಗವಾಯಿತು. ಈಗ ಗಂಡನ ಮನೆಯಲ್ಲೇ ಇದ್ದೇನೆ. ಬೆಳಿಗ್ಗೆ ಫೋನಿನಲ್ಲಿ ಅಲಾರಾಂ ಹೊಡೆಯುತ್ತದೆ, ಆರಿಸಿ ಮತ್ತೆ ಮಲಗುತ್ತೇನೆ. ಗೌರಮ್ಮನವರಿಲ್ಲದ ಬೆಳಗು ಇನ್ನೂ ರೂಢಿಯಾಗಿಲ್ಲ. ಹಗರೆ ದೂರವೇನಲ್ಲ, ಆದರೂ ಹೋಗಲು ಆಗಿಲ್ಲ.

ಈ ವರ್ಷ ನನ್ನ ಅತ್ತೆಯ ಕತ್ತಿನಲ್ಲೂ ಅಂಥದೇ ಗಂಟು ಕಾಣಿಸಿತು. ಯಾರಿಗೆ ತೋರಿಸುವುದೆಂದು ಗೌರಮ್ಮನವರಿಗೆ ಫೋನು ಮಾಡಿದೆ. "ಅದೇ ಡಾಕ್ಟ್ರ ಹತ್ರಾನೇ ಹೋಗು. ಈಗ ಅವ್ರಷ್ಟು ಹುಷಾರಾಗಿ ನೋಡೋರು ನಿಂಗೆ ಎಲ್ಲೂ ಸಿಕ್ಕಾಕಿಲ್ಲ" ಎಂದರು. ಇದೇನು ಹಟವೋ, ನಂಬಿಕೆಯೋ ತಿಳಿಯದೆ, ಅಳುಕುತ್ತಲೇ ಹೋದೆ. ಡಾಕ್ಟರಿಗೆ ವಯಸ್ಸಾಗಿತ್ತು. ನನ್ನ ಗುರುತು ಹಿಡಿದರೂ ತೋರಿಸಿಕೊಳ್ಳಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು, ಇಲ್ಲಿ ಗಂಟು, ಇದರ ಹಿಂದೆ ಧ್ವನಿಯ ನರ, ಇದಕ್ಕೆ ಪೆಟ್ಟಾಗುವ ಸಂಭವವಿದೆ ಎಂದು ಅತ್ತೆಗೆ ಕನ್ನಡದಲ್ಲೇ ಬಿಡಿಸಿ ಹೇಳಿದರು. ಆಪರೇಷನ್ನಿಗೆ ಮೊದಲು ಗಂಟಲಿನ ತಜ್ಞರಿಂದ ಪರೀಕ್ಷೆ ಮಾಡಿಸಿಕೊಂಡು ಬರಲು ಕಳಿಸಿದರು. ಆಪರೇಷನ್ ಆದ ಮಾರನೆಯ ದಿನ ಹಾಸಿಗೆಯ ಪಕ್ಕ ನಿಂತು, ನಿಮ್ಮ ಹೆಸರು ಹೇಳಿ, ನಿಮ್ಮ ಊರು ಹೇಳಿ, ಇನ್ನೂ ಜೋರಾಗಿ, ಎಂದು ಹೇಳಿಸಿದರು. ಪಕ್ಕದ ಹಾಸಿಗೆಯವಳಿಗೂ ಹಾಗೇ. ಇಲ್ಲಿ ಎಲ್ಲರಿಗೂ ಹೀಗೇ, ಕೇಳದೆ ಅವರು ರೂಮು ಬಿಡುವುದಿಲ್ಲ ಎಂದಳು ನರ್ಸು.

ಮನೆಗೆ ಕಳಿಸುವ ದಿನ ವರಾಂಡದಲ್ಲಿ ಅವರೇ ನನ್ನನ್ನು ನಿಲ್ಲಿಸಿದರು. ಗೌರಮ್ಮ ಹೇಗಿದ್ದಾರೆ ಎಂದು ಕೇಳಿದರು. ದನಿ ಬಂದಿದೆ ಎಂದೆ. "ಅವತ್ತು ಸ್ಟೇಜಿನ ಮೇಲೆ ಹಾಗೆ ಹೇಳೋ ಬದಲು ಮಾರನೇ ದಿನಾನೇ ಕರೆಸಿ ನೋಡಬೇಕಿತ್ತು. ನಾನು ನೋಡಲಿಲ್ಲ. ಅವರಿಗೆ ಹೇಳಿ" ಎಂದು ಒಳಗೆ ಹೋದರು.

ಎಷ್ಟು ವರ್ಷ ಕಾದ ಮಾತು! ಅತ್ತೆಯನ್ನು ಆಟೋದಲ್ಲಿ ಕೂರಿಸುವಷ್ಟೂ ತಾಳ್ಮೆಯಿಲ್ಲದೆ ಅಲ್ಲಿಂದಲೇ ಹಗರೆಗೆ ಫೋನು ಮಾಡಿದೆ. ಗೌರಮ್ಮನವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅದುನ್ನ ನೀನ್ಯಾಕೆ ಹೇಳ್ತೀಯೇ? ಅವ್ರಿಗೆ ಬಾಯಿಲ್ವಾ? ಬಂದು ಅವ್ರೇ ಹೇಳ್ಲಿ" ಎಂದರು. ನನಗೆ ಪಿಚ್ಚೆನಿಸಿತು. ಫೋನು ಇಡುವ ಮೊದಲು, "ಬಂದ್ರೆ ಕಾಫಿ ಕೊಡ್ತೀನಿ ಅಂತಾನೂ ಹೇಳು" ಎಂದರು. ಅತ್ತೆಯ ಹೊಲಿಗೆ ತೋರಿಸಲು ಹೋದಾಗ ನಾನು ಎರಡನ್ನೂ ಇದ್ದದ್ದು ಇದ್ದ ಹಾಗೆ ಡಾಕ್ಟರಿಗೆ ಹೇಳಿದೆ. ಅವರು ಹೊಲಿಗೆ ನೋಡಿ, ಚೀಟಿಯಲ್ಲಿ ಮಾತ್ರೆ ಬರೆದುಕೊಟ್ಟರು.

ಹೋದ ಸೋಮವಾರ ಗೌರಮ್ಮನವರ ಫೋನು ಬಂತು. "ಬಂದಿದ್ರು ಕಣೇ" ಎಂದರು. ಸಂಜೆಯ ಹಾಲಿನ ಹೊತ್ತಿಗೆ ಕಾರು ರಸ್ತೆಯಲ್ಲಿ ನಿಲ್ಲಿಸಿ ಡಾಕ್ಟರು ಒಬ್ಬರೇ ಡೈರಿಗೆ ನಡೆದು ಬಂದರಂತೆ. ಹೆಂಗಸರೆಲ್ಲ ಸಾಲಿನಲ್ಲಿದ್ದರಂತೆ. ಮನೆಗೆ ಹೋಗೋಣ ಬನ್ನಿ ಎಂದರೆ, ಬೇಡ, ಅವತ್ತು ಎಲ್ಲರ ಮುಂದೆ ಮಾತಾಡಿದ್ದೆ, ಇವತ್ತೂ ಎಲ್ಲರ ಮುಂದೆಯೇ ಹೇಳುತ್ತೇನೆ ಎಂದರಂತೆ. ಹೇಳಿದರೇ ಎಂದು ಕೇಳಿದೆ.

"ಅನ್ಬೇಕಾದ್ದು ಅಂದ್ರು. ಎಲ್ರೂ ಕೇಳುಸ್ಕಂಡ್ರು."

ಅದಕ್ಕೆ ನೀವೇನಂದಿರಿ ಎಂದೆ.

"ನಾನೇನನ್ಲಿ? ಕಾಫಿ ಕೊಟ್ಟೆ. ಸಕ್ಕರೆ ಬ್ಯಾಡ ಅಂದ್ರು. ಅವ್ರಿಗೂ ಸಕ್ಕರೆ ಕಾಯ್ಲೆ ಬಂದೈತಂತೆ ಕಣೇ, ಪಾಪ. ಮಕ ಎಲ್ಲಾ ಬಾಡೋಗೈತೆ. ಊರೋರ್ಗೆಲ್ಲ ಔಸ್ತಿ ಕೊಡ್ತೀರಿ, ನೀವು ಹೊತ್ತೊತ್ಗೆ ಉಂಡು ಮಾತ್ರೆ ನುಂಗಾಕಾಗಲ್ವಾ ಅಂತ ಅಲ್ಲೇ ಬೈದೆ. ಜೋರಾಗೇ ಬೈದೆ."